ಎಂಜಲಾದ ವೀಳ್ಯ

ಮಕ್ಕಳು ಹೊರಗೆ ಏಟು ತಿಂದು ಬಂದರೆ ಏನು ಮಾಡಬೇಕು ಎಂಬ ವಿಷಯದಲ್ಲಿ ನಮ್ಮ ಮನೆಯಲ್ಲಿ ನಾಲ್ಕು ಜನ ಗುರುಗಳಿದ್ದರು. ನಾಲ್ವರದೂ ನಾಲ್ಕು ದಾರಿ, ಒಬ್ಬರ ಮಾತು ಇನ್ನೊಬ್ಬರಿಗೆ ಸೇರದು. ಶಿಷ್ಯರು ಮಾತ್ರ ಇಬ್ಬರೇ, ನಾನು ಮತ್ತು ನನ್ನ ತಮ್ಮ ಚಂದ್ರು. ಈಗ ಮಂಡ್ಯದಲ್ಲಿ ನನ್ನ ಮೊಮ್ಮಗಳ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಕರಾಟೆ ಹೇಳಿಕೊಡುತ್ತಾರೆ. ಬಿಳಿ ಬಟ್ಟೆ, ಸೊಂಟಕ್ಕೆ ಬಣ್ಣದ ಪಟ್ಟಿ, ಆಗಾಗ ಪರೀಕ್ಷೆ. ಅವಳು ಮನೆಯ ಹಾಲ್‌ನಲ್ಲಿ ಕಾಲು ಬೀಸಿ ಅಭ್ಯಾಸ ಮಾಡುವಾಗ ನಾನು ಕಾಫಿ ಲೋಟವನ್ನು ಎದೆಗೆ ಒತ್ತಿಕೊಂಡು ಮೂಲೆ ಸೇರುತ್ತೇನೆ. ಹಾಗೆ ಕೂತಾಗಲೆಲ್ಲ ಕೆರಗೋಡಿನ ನಮ್ಮ ಮನೆ ನೆನಪಾಗುತ್ತದೆ. ಅಲ್ಲಿ ಪಟ್ಟಿ ಇರಲಿಲ್ಲ, ಪರೀಕ್ಷೆ ಮಾತ್ರ ದಿನವೂ ಇತ್ತು.

ಅದು ನಾಡಹೆಂಚಿನ ಮನೆ. ಬೀದಿ ಬಾಗಿಲು ದಾಟಿದರೆ ಮೊದಲು ದನ, ಆಮೇಲೆ ಜನ. ಕೊಟ್ಟಿಗೆಗೂ ನಡುಮನೆಗೂ ಮಧ್ಯೆ ಒಂದು ಗಿಡ್ಡ ಗೋಡೆ ಇತ್ತು. ನಾವು ಉಣ್ಣುವಾಗ ಎತ್ತುಗಳು ಅದರ ಮೇಲೆ ಮೋರೆಯಿಟ್ಟು ನಮ್ಮ ತಟ್ಟೆಯನ್ನೇ ನೋಡುತ್ತಿದ್ದವು. ಸಂಜೆ ಮುದ್ದೆ ಮುರಿಯುವ ಹೊತ್ತಿಗೆ ಅಂದಿನ ಗಾಯಗಳೆಲ್ಲ ಬಯಲಿಗೆ ಬರುತ್ತಿದ್ದವು. ಚಂದ್ರು ಹುಟ್ಟಿದಾಗಿನಿಂದಲೂ ಮೆತ್ತಗಿನವನು. ಗೋಲಿ ಕಳೆದುಕೊಂಡು ಬರುತ್ತಿದ್ದ, ಅಂಗಿ ಹರಿಸಿಕೊಂಡು ಬರುತ್ತಿದ್ದ, ಯಾರು ಹೊಡೆದದ್ದು ಎಂದು ಕೇಳಿದರೆ ಹೊಡೆದವನ ಪರವಾಗಿಯೇ ಮಾತಾಡುತ್ತಿದ್ದ. ಪಾಪ, ಅವನಿಗೆ ಅವರಪ್ಪ ಹೊಡೀತಾರಂತೆ ಎನ್ನುತ್ತಿದ್ದ. ಅಷ್ಟು ಸಾಕು, ನಾಲ್ಕು ಗುರುಗಳೂ ಒಟ್ಟಿಗೆ ಬಾಯಿ ತೆರೆಯುತ್ತಿದ್ದರು. ಸಾರು ಆರಿಹೋಗುತ್ತಿತ್ತು.

ಅಪ್ಪ ಪಕ್ಕದ ಊರಿನ ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರು. ಅವನ ದಾರಿ ಮಾತಿನದು. ಹೊಡೆದವನ ಎದುರು ನಿಂತು, ಅವನ ಕಣ್ಣನ್ನೇ ನೋಡುತ್ತ, ಮರ್ಯಾದೆಯಿಂದ, 'ದಯವಿಟ್ಟು ಹೀಗೆ ಮಾಡಬೇಡಿ' ಎನ್ನಬೇಕಂತೆ. ಎಂಥವನಿಗೂ ನಾಚಿಕೆಯಾಗುತ್ತದಂತೆ. ಚಿಕ್ಕಪ್ಪ ಇದನ್ನು ಕೇಳಿ ನಗುತ್ತಿದ್ದ. ಅವನು ಹರೆಯದಲ್ಲಿ ಊರ ಗರಡಿಯ ಮಣ್ಣು ಮೈಗೆ ಹತ್ತಿಸಿಕೊಂಡವನು, ಕುಸ್ತಿಯಲ್ಲಿ ಉಜ್ಜಿ ಉಜ್ಜಿ ಅವನ ಕಿವಿ ಒಣಗಿದ ಅಂಜೂರದ ಹಾಗೆ ಮುದುರಿತ್ತು. ಮಾತಾಡೋ ಹೊತ್ತಲ್ಲಿ ಎರಡು ಸಲ ಕೆಡವಬಹುದು ಎಂಬುದು ಅವನ ವಾದ. ಅವ್ವನದು ಇವರಿಬ್ಬರಿಗೂ ಬೇರೆಯದು. ಅತ್ತೆಯ ಎದುರು ದನಿ ಎತ್ತದವಳು, ಬೀದಿಯಲ್ಲಿ ತಲೆ ಎತ್ತದವಳು. ಯಾರ ತಂಟೆಗೂ ಹೋಗಬೇಡಿ, ಕಂಡರೂ ಕಾಣದ ಹಾಗೆ ಇರಿ ಎನ್ನುತ್ತಿದ್ದಳು. ಆದರೆ ಅವಳ ಬಳೆಗೆ ಯಾವಾಗಲೂ ಎರಡು ಪಿನ್ನು ಸಿಕ್ಕಿಸಿರುತ್ತಿದ್ದವು. ನಾನು ದೊಡ್ಡವಳಾಗುತ್ತಿದ್ದಂತೆ ಅದರಲ್ಲೊಂದನ್ನು ಬಿಚ್ಚಿ ನನ್ನ ಲಂಗದ ಪಟ್ಟಿಗೆ ಚುಚ್ಚಿ, ಬಸ್ಸಲ್ಲಿ ಯಾರಾದರೂ ಮೈ ತಾಗಿಸಿದರೆ ಮಾತಾಡಬೇಡ, ಸುಮ್ಮನೆ ಚುಚ್ಚಿ ಕಿಟಕಿ ಕಡೆ ನೋಡು ಎಂದು ಕಿವಿಯಲ್ಲಿ ಹೇಳಿದ್ದಳು. ನಮ್ಮ ಮನೆಯ ಅತಿ ಸಾಧು ಹೆಂಗಸಿನ ಉಪದೇಶ ಅದು.

ಅಜ್ಜಿಗೆ ಪಿನ್ನೂ ಬೇಡ, ಪಟ್ಟೂ ಬೇಡ. ಅವಳ ಆಯುಧ ಗಂಟಲು. ಬತ್ತ ಹಾಲುಗಟ್ಟುವ ಕಾಲಕ್ಕೆ ಗಿಣಿ ಗುಬ್ಬಿಗಳ ಕಾಟ ಶುರುವಾದರೆ ನಮ್ಮಿಬ್ಬರನ್ನೂ ಗದ್ದೆಯ ಬದುವಿನ ಮೇಲೆ ನಿಲ್ಲಿಸಿ ಕೂಗಿಸುತ್ತಿದ್ದಳು. ನನ್ನ ಕೂಗಿಗೆ ಗುಬ್ಬಿಗಳು ಸ್ವಲ್ಪ ಪಕ್ಕಕ್ಕೆ ಸರಿದು ಕೂರುತ್ತಿದ್ದವು. ಚಂದ್ರುವಿನ ಕೂಗಿಗೆ ಅದೂ ಇಲ್ಲ. ಅಜ್ಜಿ ಒಂದು ಸಲ ಬಾಯಿ ತೆರೆದರೆ ಪಕ್ಕದ ಗದ್ದೆಯ ಹಕ್ಕಿಗಳೂ ಏಳುತ್ತಿದ್ದವು.

"ಗಂಟ್ಲಿಂದ ಕೂಗ್ಬ್ಯಾಡ ಕಣವ್ವ, ಒಟ್ಟೆಯಿಂದ ಕೂಗು. ಗಂಟ್ಲು ಎದ್ರುಕಂಡ್ರೆ ಕಟ್ಕತದೆ. ಒಟ್ಟೆ ಕಟ್ಕಳಕಿಲ್ಲ."

ಚಿಕ್ಕಪ್ಪನ ಪಾಠ ಹಿತ್ತಿಲಿನ ಹುಲ್ಲಿನ ಮೆದೆಯ ಬುಡದಲ್ಲಿ. ಪಾಠ ಇದ್ದದ್ದು ಚಂದ್ರುವಿಗೆ. ಗಂಡು ಹುಡುಗ, ಗಟ್ಟಿಯಾಗಬೇಕು. ಆದರೆ ಒಗೆಯುವುದನ್ನು ಕಲಿಯಬೇಕಾದರೆ ಒಗೆಸಿಕೊಳ್ಳಲು ಒಬ್ಬರು ಬೇಕಲ್ಲ, ಅದಕ್ಕೆ ನನ್ನನ್ನು ಕರೆಯುತ್ತಿದ್ದರು. ನಾನು ಕಲಿಯಲು ಹೋದವಳಲ್ಲ, ಬೀಳಲು ಹೋದವಳು. ಅವನು ಹೇಳಿಕೊಡುತ್ತಿದ್ದ ಮುಖ್ಯ ಪಟ್ಟು ಒಂದೇ: ಎದುರಿನವನ ಕೈ ನಿಮ್ಮ ಹೆಗಲ ಮೇಲೆ ಬಂದ ತಕ್ಷಣ ಅದನ್ನು ಎರಡೂ ಕೈಯಲ್ಲಿ ಹಿಡಿದು, ಬೆನ್ನು ಕೊಟ್ಟು, ಸೊಂಟ ಬಗ್ಗಿಸಿ, ಅಗಸರು ಕಲ್ಲಿನ ಮೇಲೆ ಬಟ್ಟೆ ಒಗೆಯುವ ಹಾಗೆ ಮುಂದಕ್ಕೆ ಒಗೆಯುವುದು. ಚಂದ್ರು ನನ್ನ ಕೈ ಹಿಡಿದು, ಅಕ್ಕ ನೋವಾಗುತ್ತಾ ಎಂದು ಕೇಳಿ, ಅಲ್ಲೇ ನಿಲ್ಲಿಸುತ್ತಿದ್ದ. ಬೇಸರವಾಗಿ ಒಂದು ದಿನ ನಾನೇ ಅವನ ಕೈ ಹಿಡಿದು ಒಗೆದೆ. ಅವನು ಮೆದೆಯೊಳಗೆ ಅರ್ಧ ಹೂತುಹೋಗಿ ನಗುತ್ತಿದ್ದ. ಚಿಕ್ಕಪ್ಪ ಬಾಯಲ್ಲಿದ್ದ ಬೀಡಿಯನ್ನು ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಅಂದಿನಿಂದ ಪಾಠ ನನಗೇ ಆಯಿತು. ಬೀಳುವ ಕೆಲಸ ತಮ್ಮನಿಗೆ ಬಂತು, ಅದನ್ನವನು ಬಹಳ ಸಂತೋಷದಿಂದ ಮಾಡಿದ.

ಏಳನೇ ಕ್ಲಾಸು ಮುಗಿದ ಮೇಲೆ ನನ್ನನ್ನು ಮಂಡ್ಯದ ಹೈಸ್ಕೂಲಿಗೆ ಕಳಿಸುವ ಮಾತು ಬಂತು. ಅಪ್ಪನಿಗೆ ಆಸೆ, ಅಜ್ಜಿಗೆ ಅನುಮಾನ. ಅದಕ್ಕೆ ಕಾರಣವೂ ಇತ್ತು. ನಮ್ಮ ಬೀದಿಯ ಜಯ ಎಂಬ ಹುಡುಗಿಯನ್ನು ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಚುಡಾಯಿಸಿದರೆಂದು ಶಾಲೆ ಬಿಡಿಸಿದ್ದರು. ಚುಡಾಯಿಸಿದವನು ಪಿಯುಸಿ ಮುಗಿಸಿದ, ಜಯ ಸಗಣಿ ತಟ್ಟುತ್ತ ಕೂತಳು. ಇದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣಿಸಿರಲಿಲ್ಲ. ಅಪ್ಪ ತಿಂಗಳುಗಟ್ಟಲೆ ಬೆನ್ನು ಹತ್ತಿದ ಮೇಲೆ ಅಜ್ಜಿ ಒಪ್ಪಿದ್ದು ಒಂದೇ ಷರತ್ತಿನ ಮೇಲೆ.

"ಓದ್ಲಿ, ಬ್ಯಾಡ ಅನ್ನಕಿಲ್ಲ. ಇವ್ಳ ಎಸ್ರೆತ್ಕಂಡು ಒಂದ್ ದೂರು ಈ ಬಾಗ್ಲಿಗೆ ಬಂದ್ರೆ ಅವತ್ಗೇ ಸ್ಕೂಲು ಬಂದ್."

ಶಾಲೆಗೆ ಸೇರಿದ ಮೊದಲ ವರ್ಷವೇ ವಿಜ್ಞಾನದ ಟೀಚರು ಈರುಳ್ಳಿಯ ಒಳಸಿಪ್ಪೆಯನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ದಿನಾ ಅವ್ವ ಹೆಚ್ಚಿ ಒಗ್ಗರಣೆಗೆ ಹಾಕುವ ಈರುಳ್ಳಿ ಅದು. ಅದರೊಳಗೆ ಇಟ್ಟಿಗೆ ಜೋಡಿಸಿದಂತೆ ಗೂಡುಗಳಿದ್ದವು, ಒಂದೊಂದು ಗೂಡಿನಲ್ಲೂ ಒಂದೊಂದು ಚುಕ್ಕಿ. ಇಷ್ಟು ದಿನ ಇದನ್ನು ತಿಂದೆವಲ್ಲ, ನಮಗೆ ಗೊತ್ತೇ ಇರಲಿಲ್ಲವಲ್ಲ ಎಂದು ನನಗೆ ಅಳುವೇ ಬಂತು. ಇಂಥ ಸೂಕ್ಷ್ಮದರ್ಶಕ ಇರುವ ಕೋಣೆಯಲ್ಲಿ ಕೆಲಸ ಮಾಡುವವಳು ನಾನಾಗಬೇಕು ಎಂದು ಅಂದೇ ನಿರ್ಧರಿಸಿದೆ. ಹಾಗಾಗಿ ಬಸ್ಸಿನಲ್ಲಿ ಏನೇ ಆದರೂ ಅದು ಮನೆಗೆ ಗೊತ್ತಾಗಬಾರದು ಎಂಬುದು ನನ್ನ ಒಂದೇ ವ್ರತವಾಗಿತ್ತು.

ಬಸ್ಸಿನಲ್ಲಿ ಆಗುತ್ತಿದ್ದುದರ ಹೆಸರು ಸಿದ್ದರಾಜು. ನಮ್ಮ ಮುಂದಿನ ಸ್ಟಾಪಿನಲ್ಲಿ ಹತ್ತುತ್ತಿದ್ದ, ನನಗಿಂತ ಒಂದು ಕ್ಲಾಸು ಮೇಲೆ. ನನ್ನ ಊಟದ ಡಬ್ಬಿ ಕಿತ್ತುಕೊಂಡು ಮೊಟ್ಟೆ ಇದ್ದ ದಿನ ಮೊಟ್ಟೆ ತಿಂದು, ಇಲ್ಲದ ದಿನ ಹೀಯಾಳಿಸಿ ವಾಪಸು ಕೊಡುತ್ತಿದ್ದ. ಜಡೆಯ ರಿಬ್ಬನ್ನನ್ನು ಸೀಟಿನ ಕಂಬಿಗೆ ಕಟ್ಟುತ್ತಿದ್ದ. ಇಳಿಯಲು ಎದ್ದರೆ ತಲೆ ಹಿಂದಕ್ಕೆ ಜಗ್ಗುತ್ತಿತ್ತು, ಇಡೀ ಬಸ್ಸು ನಗುತ್ತಿತ್ತು. ಮೊದಲು ಅಪ್ಪನ ದಾರಿ ಹಿಡಿದೆ. ಎದ್ದು ನಿಂತು, ಅವನ ಕಣ್ಣು ನೋಡಿ, ದಯವಿಟ್ಟು ಹೀಗೆ ಮಾಡಬೇಡಿ ಎಂದೆ. ಅಂದಿನಿಂದ ಬಸ್ಸಿನಲ್ಲಿ ಭಾಗ್ಯ ಎಂಬ ನನ್ನ ಹೆಸರು ಹೋಗಿ 'ದಯವಿಟ್ಟು' ಎಂದಾಯಿತು. ಆಮೇಲೆ ಅವ್ವನ ಪಿನ್ನು. ಸಂತೆಯ ದಿನ, ಕಾಲಿಡಲು ಜಾಗವಿಲ್ಲ, ಬೆನ್ನ ಹಿಂದೆ ಸಿದ್ದರಾಜುವಿನ ನಗು ಕೇಳಿ, ಹೇಳಿಕೊಟ್ಟಂತೆ ಚುಚ್ಚಿ ಕಿಟಕಿ ನೋಡಿದೆ. ಹಿಂದೆ ಇದ್ದದ್ದು ಕಬ್ಬಿನ ಕಟ್ಟು ಹಿಡಿದಿದ್ದ ಒಬ್ಬ ವಯಸ್ಸಾದ ಯಜಮಾನರು. ಅವರು ಹಾರಿದ್ದು ನೋಡಿ ಕಂಡಕ್ಟರು ಬಸ್ಸಿನಲ್ಲಿ ಹಾವು ಸೇರಿಕೊಂಡಿದೆ ಎಂದುಕೊಂಡ. ಅಜ್ಜಿ ಕಲಿಸಿದ ಕೂಗು ಹೊಟ್ಟೆಯಲ್ಲೇ ಇತ್ತು, ಆದರೆ ಕೂಗಿದರೆ ಬಸ್ಸಿಗೆ ಗೊತ್ತಾಗುತ್ತದೆ, ಬಸ್ಸಿಗೆ ಗೊತ್ತಾದದ್ದು ಸಂಜೆಗೆ ಊರಿಗೆ ಗೊತ್ತಾಗುತ್ತದೆ. ಕೂಗಲಿಲ್ಲ.

ಚಂದ್ರು ಅದೇ ಬಸ್ಸಿನಲ್ಲಿ ಬರತೊಡಗಿದ ವರ್ಷ ಸಿದ್ದರಾಜು ನನ್ನನ್ನು ಬಿಟ್ಟು ಅವನನ್ನು ಹಿಡಿದ. ಒಂದು ಸಂಜೆ ಚಂದ್ರುವಿನ ಒಂದು ಚಪ್ಪಲಿಯನ್ನು ಕಿತ್ತು ಕಿಟಕಿಯಿಂದ ಆಚೆಗೆ ಎಸೆದ. ಹಿಂದಿನ ವಾರವಷ್ಟೇ ಅಪ್ಪ ಪೇಟೆಬೀದಿಯಲ್ಲಿ ಕೊಡಿಸಿದ್ದು. ಚಂದ್ರು ಒಂದೇ ಕಾಲಿನಲ್ಲಿ ನಿಂತು, ಬಿಡಕ್ಕ, ಅದು ಕಚ್ತಿತ್ತು ಎಂದ. ನನಗೆ ತಡೆಯಲಾಗಲಿಲ್ಲ. ಎದ್ದು ಅವರಿಬ್ಬರ ಮಧ್ಯೆ ಹೋಗಿ, ಸಿದ್ದರಾಜುವಿಗೆ ಬೆನ್ನು ಹಾಕಿ, ತಮ್ಮನನ್ನು ಪಕ್ಕಕ್ಕೆ ಸರಿಸಿದೆ. ಸಿದ್ದರಾಜು ಹಿಂದಿನಿಂದ ಜಡೆ ಹಿಡಿಯಲು ಕೈ ಚಾಚಿದ. ಕೈ ಹೆಗಲ ಮೇಲೆ ಬಂತು. ಮುಂದಿನದನ್ನು ನಾನು ಯೋಚಿಸಿ ಮಾಡಲಿಲ್ಲ, ಹುಲ್ಲಿನ ಮೆದೆ ಮಾಡಿಸಿತು. ಸಿದ್ದರಾಜು ನನ್ನ ತಲೆಯ ಮೇಲಿಂದ ಹೋಗಿ ಒಬ್ಬ ಹೆಂಗಸಿನ ಬದನೆಕಾಯಿ ಮಂಕರಿಯಲ್ಲಿ ಕೂತ. ಹಣೆ ಕಂಬಿಗೆ ತಾಗಿ ಬದನೆಕಾಯಿಯಷ್ಟೇ ದೊಡ್ಡ ಬುಗುಟೆ ಎದ್ದಿತು. ಆ ಹೆಂಗಸು ನಮ್ಮಿಬ್ಬರನ್ನೂ ಊರು ಬರುವವರೆಗೆ ಬೈದಳು.

ಸುದ್ದಿ ನನಗಿಂತ ಮೊದಲು ಮನೆ ತಲುಪಿತ್ತು. ಚಿಕ್ಕಪ್ಪ ಜಗಲಿಯಲ್ಲೇ ಕಾಯುತ್ತಿದ್ದ, ಯಾವ ಕಾಲು ಮುಂದಿತ್ತು, ಬಸ್ಸು ಓಡುತ್ತಿತ್ತೋ ನಿಂತಿತ್ತೋ ಎಂದು ವಿಚಾರಿಸಿದ. ಓಡುತ್ತಿತ್ತು ಎಂದಾಗ ಅವನ ಕಣ್ಣು ತುಂಬಿತು. ಅಪ್ಪ, ಮೊದಲು ಮಾತಲ್ಲಿ ಹೇಳಿದ್ದೆಯಾ ಎಂದು ಕೇಳಿದ. ಹೇಳಿದ್ದೆ, ಅದನ್ನೇ ಹೆಸರಿಟ್ಟರು ಎಂದೆ. ಅವನು ಕನ್ನಡಕ ತೆಗೆದು ಒರೆಸಿಕೊಂಡ. ಅವ್ವ ಒಲೆಯ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿದ್ದಳು. ಅಜ್ಜಿ ಬಾಗಿಲ ಕಡೆ ನೋಡುತ್ತಿದ್ದಳು. ದೂರು ಬರುತ್ತದೆ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಭಾನುವಾರ ಬಂತು. ಸಿದ್ದರಾಜು, ಅವನ ತಾಯಿ, ಅವನ ಅಜ್ಜಿ ಮೂವರೂ ಬಂದು ಬೀದಿಯಲ್ಲಿ ನಿಂತರು. ಹುಡುಗನ ತಲೆಗೆ ಅಗತ್ಯಕ್ಕಿಂತ ದೊಡ್ಡ ಬಟ್ಟೆ ಸುತ್ತಿದ್ದರು. ತಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಶುರು ಮಾಡಿಯೇ ಬಿಟ್ಟಿದ್ದಳು: ಯಾವಳವಳು, ಹೊರಗೆ ಕಳಿಸಿ. ಆದರೆ ನಮ್ಮ ಕಡೆ ಒಂದು ಪದ್ಧತಿ ಇದೆ. ಜಗಳಕ್ಕೆ ಬಂದವರಿಗೂ ಮೊದಲು ಒಂದು ಚೂರು ಬೆಲ್ಲ, ಒಂದು ಚೊಂಬು ನೀರು. ಆಮೇಲೆ ಯಾವೂರು, ಯಾರ ಪೈಕಿ. ಅದಾದ ಮೇಲೆ ಜಗಳ. ಅಜ್ಜಿ ಅವರನ್ನು ಜಗಲಿಯಲ್ಲಿ ಕೂರಿಸಿ ಬೆಲ್ಲ ಕೊಟ್ಟು ವಿಚಾರಿಸಿದಳು. ಹುಡುಗನ ಅಜ್ಜಿಯ ತವರು ಚಿಕ್ಕರಸಿನಕೆರೆ. ಚಿಕ್ಕರಸಿನಕೆರೆಯಲ್ಲಿ ಯಾರ ಮನೆ? ದೇವಸ್ಥಾನದ ಹಿಂದಿನ ಮನೆ. ಅಜ್ಜಿ ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟಳು. ಆ ಮನೆಗೇ ಅಜ್ಜಿಯ ಅಕ್ಕನನ್ನು ಕೊಟ್ಟಿದ್ದದ್ದು. ಈಕೆ ಅವಳ ನಾದಿನಿ.

ಅಲ್ಲಿಗೆ ಜಗಳ ಮುಗಿಯಿತು. ಇಬ್ಬರು ಮುದುಕಿಯರೂ ತೀರಿಹೋದ ಆ ಅಕ್ಕನನ್ನು ನೆನೆದು ಒಬ್ಬರ ಹೆಗಲ ಮೇಲೊಬ್ಬರು ಅತ್ತರು. ಆ ಅಳು ಮುಗಿಯುವಷ್ಟರಲ್ಲಿ ಚಿಕ್ಕಪ್ಪ ಹಿತ್ತಿಲಿನಲ್ಲಿ ಹುಂಜ ಹಿಡಿಯಲು ಓಡುತ್ತಿದ್ದ. ಮಧ್ಯಾಹ್ನಕ್ಕೆ ಮುದ್ದೆ, ಕೋಳಿಸಾರು. ಸಿದ್ದರಾಜುವಿಗೆ ಎಲ್ಲರಿಗಿಂತ ದೊಡ್ಡ ಮುದ್ದೆ ಬಿತ್ತು. ಚಿಕ್ಕಪ್ಪ ಅವನ ಪಕ್ಕದಲ್ಲೇ ಕೂತು, ಬಟ್ಟೆ ಬಿಚ್ಚಿಸಿ ಬುಗುಟೆ ಮುಟ್ಟಿ ನೋಡಿ, ಬೀಳುವಾಗ ಗದ್ದವನ್ನು ಎದೆಗೆ ಒತ್ತಿಕೊಳ್ಳಬೇಕಿತ್ತು ಎಂದು ಹೇಳಿಕೊಡುತ್ತಿದ್ದ. ಹುಡುಗ ತಲೆ ಬಗ್ಗಿಸಿ ಉಣ್ಣುತ್ತಿದ್ದ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಬದುಕಿದೆ ಎಂದುಕೊಂಡೆ. ಬಹಳ ಬೇಗ ಅಂದುಕೊಂಡೆ. ಹುಡುಗನ ಅಜ್ಜಿ ಮೂಳೆ ಚೀಪುತ್ತ ನನ್ನ ಕಡೆಯೇ ನೋಡುತ್ತಿದ್ದಳು.

"ಇಂತಾ ಎಣ್ಣೇ ಬೇಕಿತ್ತು ಕಣಕ್ಕ ನಮ್ಮನೆಗೆ. ಇವ್ನ ಎತ್ತಿ ಒಗ್ಯೋಳು ಒಬ್ಳಾದ್ರೂ ಬ್ಯಾಡ್ವಾ?"

ಎಲ್ಲರೂ ನಕ್ಕರು. ನಗು ನಿಲ್ಲುವಷ್ಟರಲ್ಲಿ ಅದು ತಮಾಷೆಯಾಗಿ ಉಳಿದಿರಲಿಲ್ಲ. ಅಜ್ಜಿ ಬೆರಳು ಮಡಿಸಿ ಲೆಕ್ಕ ಹಾಕಿದಳು: ವರಸೆಯಲ್ಲಿ ಮಾವನ ಮಗ, ಸರಿಯಾಗಿ ಕೂಡುತ್ತದೆ. ಗದ್ದೆ ಇದೆ, ನಾಲೆಯ ನೀರಿದೆ. ಈಗಲೇ ಏನೂ ಬೇಡ, ಹುಡುಗಿ ಮನೆಗೆಲಸ ಕಲಿಯಲಿ, ಮಾತು ಮಾತ್ರ ಆಗಿಹೋಗಲಿ. ಚಿಕ್ಕಪ್ಪ ಹೌದೌದು ಎಂದ. ಅವ್ವ ಸೌಟು ಹಿಡಿದು ನಿಂತಲ್ಲೇ ನಿಂತಳು. ಅಪ್ಪ ಏನೋ ಹೇಳಲು ಬಾಯಿ ತೆರೆದ, ಅವನ ಅವ್ವನ ಮುಖ ನೋಡಿ ಮುಚ್ಚಿದ. ಅಜ್ಜಿ ನನ್ನನ್ನೇ ಕರೆದು ವೀಳ್ಯದ ತಟ್ಟೆ ತರಲು ಹೇಳಿದಳು. ನಮ್ಮಲ್ಲಿ ಹಿರಿಯರ ಕೈಯಿಂದ ಕೈಗೆ ಎಲೆ ಅಡಿಕೆ ದಾಟಿದರೆ ಸಂಬಂಧ ನಿಂತಂತೆ. ಆಮೇಲೆ ಅದನ್ನು ಮುರಿದವರನ್ನು ಯಾರೂ ಮನೆಗೆ ಸೇರಿಸುವುದಿಲ್ಲ.

ತಟ್ಟೆ ಹಿಡಿದು ನಡುಮನೆಗೆ ಬರುವಾಗ ನನಗೆ ಆದ ಭಯ ಬಸ್ಸಿನಲ್ಲಿ ಒಂದು ದಿನವೂ ಆಗಿರಲಿಲ್ಲ. ಮನೆಗೆಲಸ ಕಲಿಯಲಿ ಎಂದರೆ ಶಾಲೆ ಮುಗಿಯಿತು ಎಂದೇ ಅರ್ಥ. ನನ್ನ ನಾಲ್ಕೂ ಗುರುಗಳು ಅಲ್ಲೇ ಇದ್ದರು. ಆದರೆ ಎದುರಿಗೆ ಕೂತವರು ನಿಮ್ಮವರೇ ಆಗಿದ್ದು, ನಗುನಗುತ್ತ, ಕೋಳಿಸಾರು ಬಡಿಸಿ, ನಿಮ್ಮ ಒಳ್ಳೆಯದಕ್ಕೇ ನಿಮ್ಮನ್ನು ಮುಗಿಸುತ್ತಿದ್ದರೆ ಏನು ಮಾಡಬೇಕು ಎಂದು ಒಬ್ಬರೂ ಹೇಳಿಕೊಟ್ಟಿರಲಿಲ್ಲ. ಅಜ್ಜಿಯನ್ನು ಒಗೆಯಲಾಗುತ್ತದೆಯೇ, ಅಪ್ಪನಿಗೆ ಪಿನ್ನು ಚುಚ್ಚಲಾಗುತ್ತದೆಯೇ? ಅಜ್ಜಿ ತಟ್ಟೆಗೆ ಕೈ ಚಾಚಿದಳು. ನಾನು ಕೊಡಲಿಲ್ಲ. ಅಲ್ಲೇ ಅವರೆಲ್ಲರ ಮಧ್ಯೆ ಕಾಲು ಮಡಿಸಿ ಕೂತೆ. ಒಂದು ಎಲೆ ತೆಗೆದು ಲಂಗಕ್ಕೆ ಒರೆಸಿ, ತೊಟ್ಟು ಮುರಿದು, ಅಜ್ಜಿ ದಿನಾ ಮಾಡುವ ಹಾಗೆಯೇ ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಸಿ ಬಾಯಿಗೆ ಹಾಕಿಕೊಂಡೆ. ಹುಟ್ಟಿದ ಮೇಲೆ ಮೊದಲ ಸಲ ಎಲೆ ತಿಂದದ್ದು, ಸುಣ್ಣ ಹೆಚ್ಚಾಗಿ ನಾಲಿಗೆ ಸುಟ್ಟಿತು, ಕಣ್ಣಲ್ಲಿ ನೀರು ಬಂತು. ಉಗುಳಲಿಲ್ಲ. ಇನ್ನೊಂದು ಎಲೆ ತೆಗೆದು ಅರ್ಧ ಕಚ್ಚಿ, ಉಳಿದರ್ಧವನ್ನು ತಟ್ಟೆಯಲ್ಲೇ ವಾಪಸು ಇಟ್ಟೆ.

"ಇದು ಎಂಜ್ಲಾಯ್ತು, ಇನ್ನ ಕೊಡಂಗಿಲ್ಲ. ನಾ ಒಲ್ಲೆ ಅಜ್ಜಿ. ನಾ ಓದ್ಬೇಕು."

ನನ್ನ ತುಟಿಯ ಅಂಚಿನಿಂದ ಕೆಂಪು ರಸ ಗದ್ದಕ್ಕೆ ಇಳಿಯುತ್ತಿತ್ತು. ಅಜ್ಜಿಯ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಆಗ, ಮನೆಗೆ ಬಂದಾಗಿನಿಂದ ಉಸಿರೆತ್ತದಿದ್ದ ಸಿದ್ದರಾಜು ಮುದ್ದೆ ನುಂಗಿ ಬಾಯಿ ಬಿಟ್ಟ.

"ನಂಗೂ ಬ್ಯಾಡ ಕಣಜ್ಜಿ. ಇವ್ಳು ದಿನಾ ಒಗಿತಾಳೆ."

ಮೊದಲು ನಕ್ಕವಳು ಅವನ ತಾಯಿ, ಜಗಳಕ್ಕೆ ಬಂದಿದ್ದವಳು. ಆಮೇಲೆ ಅವನ ಅಜ್ಜಿ, ಆಮೇಲೆ ಚಿಕ್ಕಪ್ಪ ತೊಡೆ ತಟ್ಟಿಕೊಂಡು. ಮಾತು ಅಲ್ಲಿಗೆ ಬಿದ್ದುಹೋಯಿತು. ಸಂಜೆ ಅವರು ನಮ್ಮ ಹಿತ್ತಿಲಿನ ಕುಂಬಳಕಾಯಿ ಹೊತ್ತುಕೊಂಡು ನೆಂಟರಾಗಿ ಹೋದರು. ಸಿದ್ದರಾಜುವಿನ ಆ ಒಂದು ಮಾತಿನ ಉಪಕಾರವನ್ನು ನಾನು ಮರೆತಿಲ್ಲ. ಮುಂದೆ ನಾನು ಮಂಡ್ಯದಲ್ಲಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಗ ಅವನು ಹೆಂಡತಿಯನ್ನು ಕರೆದುಕೊಂಡು ಸಕ್ಕರೆ ಪರೀಕ್ಷೆಗೆ ಬರುತ್ತಿದ್ದ. ಕೈ ಚಾಚಿ ಮುಖ ಆ ಕಡೆ ತಿರುಗಿಸಿ, ದಯವಿಟ್ಟು ನಿಧಾನಕ್ಕೆ ಚುಚ್ಚವ್ವ ಎನ್ನುತ್ತಿದ್ದ. ನಿಧಾನಕ್ಕೇ ಚುಚ್ಚುತ್ತಿದ್ದೆ.

ಆದರೆ ಅಂದು ನಗದಿದ್ದವಳು ಅಜ್ಜಿ ಒಬ್ಬಳೇ. ನೆಂಟರ ಮುಂದೆ 'ಒಲ್ಲೆ' ಎಂದ ಹೆಣ್ಣು ಆ ಮನೆಯಲ್ಲಿ ಅದುವರೆಗೆ ಇರಲಿಲ್ಲ. ರಾತ್ರಿ ಊಟದ ಹೊತ್ತಿಗೆ ಅಪ್ಪ ತಟ್ಟೆಯನ್ನೇ ನೋಡುತ್ತ, ಭಾಗ್ಯ ನಾಳೆ ಸ್ಕೂಲಿಗೆ ಹೋಗುತ್ತಾಳೆ ಎಂದ. ಅವ್ವ ಕೇಳುವ ಮೊದಲೇ ಅವನಿಗೆ ಇನ್ನೊಂದು ಸೌಟು ಸಾರು ಬಿಟ್ಟಳು. ಅಜ್ಜಿ ಕೈ ತೊಳೆಯಲು ಎದ್ದುಹೋದಳು. ಮಾರನೆಯ ಬೆಳಗ್ಗೆ ನಾನು ಯೂನಿಫಾರಂ ಹಾಕಿಕೊಂಡು, ಹೋಗಬಹುದೋ ಬಾರದೋ ಗೊತ್ತಾಗದೆ ಜಗಲಿಯ ಕಂಬ ಹಿಡಿದು ನಿಂತಿದ್ದೆ. ಅವ್ವ ಬುತ್ತಿಯ ಡಬ್ಬಿ ಮುಚ್ಚುತ್ತಿದ್ದಳು, ಮತ್ತೆ ತೆರೆಯುತ್ತಿದ್ದಳು. ಅಜ್ಜಿ ಬಾಚಣಿಗೆ ಹಿಡಿದು ಬಂದು ಜಗಲಿಯಲ್ಲಿ ಕೂತು, ನನ್ನನ್ನು ಎಳೆದು ಮುಂದೆ ಕೂರಿಸಿಕೊಂಡು ತಲೆ ಬಾಚಲು ಶುರು ಮಾಡಿದಳು. ಸಿಕ್ಕು ಬಿಡಿಸುವಾಗ ಕರುಣೆ ತೋರಿಸಲಿಲ್ಲ.

"ದೂರು ಬಂದ್ರೆ ಬಂದ್ ಅಂದಿದ್ದೆ. ದೂರು ಎಲ್ ಬಂತು? ಬಂದೋರು ನೆಂಟ್ರು. ಉಂಡ್ರು, ಎದ್ದೋದ್ರು. ನಮ್ಗೇ ಒಲ್ಲೆ ಅಂದೋಳು ಬೀದಿಯೋರ್ಗೆ ಎದ್ರುಕಂತಾಳಾ, ಓಗ್ಲಿ ಬುಡು."

ಅದನ್ನು ಅವಳು ಹೇಳಿದ್ದು ನನಗಲ್ಲ, ಅಡುಗೆಮನೆಯ ಕಡೆ ತಿರುಗಿ ಅವ್ವನಿಗೆ. ಒಳಗೆ ಡಬ್ಬಿಯ ಮುಚ್ಚಳ ಟಪ್ಪೆಂದು ಬಿತ್ತು. ಜಡೆ ಹೆಣೆಯುತ್ತಿದ್ದ ಅಜ್ಜಿಯ ಕೈ ಅರ್ಧಕ್ಕೆ ನಿಂತಿತು. ಅವಳು ದನಿ ತಗ್ಗಿಸಿ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ನನ್ ವೀಳ್ಯ ಆದಾಗ್ಲೂ ತಟ್ಟೆ ನನ್ ಕೈಲೇ ಇತ್ತು ಕಣವ್ವ. ಒಂದೆಲೆ ಬಾಯ್ಗಾಕ್ಕಬೇಕು ಅಂತ ನಂಗೆ ಒಳೀಲೇ ಇಲ್ಲ."

ನಾನು ತಿರುಗಿ ಅವಳ ಮುಖ ನೋಡಲು ಹೋದೆ. ಅವಳು ಜಡೆ ಹಿಡಿದು ನನ್ನ ತಲೆಯನ್ನು ಮತ್ತೆ ನೆಟ್ಟಗೆ ಮಾಡಿ, ರಿಬ್ಬನ್ನು ಬಿಗಿದು, ಬೆನ್ನಿಗೊಂದು ಗುದ್ದಿ ಬಸ್ಸಿಗೆ ಅಟ್ಟಿದಳು.